ನಿಯಾನ್ ಬೋರ್ಡಿನ ಗ್ಯಾಸ್ ಖಾಲಿ ಆಯ್ತಾ? ದುಡ್ಡು ಕೊಡುವ ಮೊದಲು ಹೀಗೆ ನೋಡಿ

"ಅಣ್ಣಾ, ಬೋರ್ಡಿಗೆ ಗ್ಯಾಸ್ ತುಂಬಿಸೋಕೆ ಎಷ್ಟಾಗುತ್ತೆ?" ಬಳ್ಳಾರಿಯ ಜೀನ್ಸ್ ಅಂಗಡಿಯವರು ಕೇಳುತ್ತಾರೆ, ಗಂಗಾವತಿಯ ಲಾಡ್ಜಿನವರು ಕೇಳುತ್ತಾರೆ, ಸಿಂಧನೂರಿನಿಂದ ಫೋನ್ ಮಾಡಿಯೂ ಇದನ್ನೇ ಕೇಳುತ್ತಾರೆ. ಫ್ರಿಜ್ಜಿಗೆ, ಏಸಿಗೆ ಗ್ಯಾಸ್ ತುಂಬಿಸಿ ರೂಢಿಯಾಗಿದೆ. ಹಾಗಾಗಿ ಅಂಗಡಿ ಮುಂದೆ ಬಣ್ಣ ಬಣ್ಣವಾಗಿ ಉರಿಯುವ ನಿಯಾನ್ ಬೋರ್ಡು ಆರಿದರೂ ಗ್ಯಾಸೇ ಮುಗಿದಿದೆ ಅಂದುಕೊಳ್ಳುತ್ತಾರೆ. ರಿಪೇರಿಗೆ ಬಂದವನೂ ಹೂಂ ಅಂದುಬಿಟ್ಟರೆ ಅವನ ಕೆಲಸ ಸಲೀಸು, ಅಲ್ವಾ? ನಾನು ಬಿಚ್ಚಿ ನೋಡಿದ ಬೋರ್ಡುಗಳಲ್ಲಿ ಗ್ಯಾಸಿನ ತಪ್ಪು ಇದ್ದದ್ದು ಅಪರೂಪ. ವೈರು, ಧೂಳು, ಟ್ರಾನ್ಸ್‌ಫಾರ್ಮರ್, ಇವೇ ಕಳ್ಳರು. ಅದಕ್ಕೇ ಒಂದೇ ಸಲ ಎಲ್ಲವನ್ನೂ ಬರೆದಿಡುತ್ತಿದ್ದೇನೆ.

ಬೇಕಾಗುವುದು ಇಷ್ಟು: ಒಂದು ಹಳೆಯ ಸಿಡಿ, ಟಾರ್ಚು, ಒಣ ಹತ್ತಿ ಬಟ್ಟೆ, ಫೋಟೋ ತೆಗೆಯೋಕೆ ಮೊಬೈಲು. ಲೈಸೆನ್ಸ್ ಇರುವ ಎಲೆಕ್ಟ್ರಿಶಿಯನ್ ಒಬ್ಬರ ನಂಬರ್ ಸಹ ಇಟ್ಟುಕೊಳ್ಳಿ.

ಶುರು ಮಾಡುವ ಮೊದಲೇ ಒಂದು ಮಾತು. ನಿಯಾನ್ ಬೋರ್ಡಿನ ಟ್ರಾನ್ಸ್‌ಫಾರ್ಮರಿಂದ ಹೊರಗೆ ಬರುವ ಕರೆಂಟು 15,000 ವೋಲ್ಟ್‌ವರೆಗೂ ಇರುತ್ತದೆ. ನಿಮ್ಮ ಜೇಬಿನ ಟೆಸ್ಟರ್ ಸಾಮಾನ್ಯವಾಗಿ 500 ವೋಲ್ಟಿಗೆ ಮಾಡಿದ್ದು. ಅದನ್ನು ಟ್ಯೂಬಿನ ತುದಿಗೆ ಮುಟ್ಟಿಸಿ "ನೋಡೋಣ" ಅಂದವರು ಇದ್ದಾರೆ. ಬೇಡ. ಕೆಳಗೆ ನಾನು ಹೇಳುವ ನಿಮ್ಮ ಪಾಲಿನ ಕೆಲಸವೆಲ್ಲ ಒಂದೋ ದೂರದಿಂದ ನೋಡುವುದು, ಇಲ್ಲವೇ ಮೇನ್ ಆಫ್ ಮಾಡಿದ ಮೇಲೆ ಮಾಡುವುದು.

1. ಮೊದಲು, ಒಳಗೆ ಗ್ಯಾಸ್ ಇದೆಯಾ ನೋಡಿ

ನಗಬೇಡಿ, ಇದೇ ಮುಖ್ಯವಾದ ಹಂತ. ಈಗ "ನಿಯಾನ್" ಅಂತ ಮಾರುವ ಬೋರ್ಡುಗಳಲ್ಲಿ ಬಹಳಷ್ಟಕ್ಕೆ ಗ್ಯಾಸೇ ಇಲ್ಲ. ಅವು ಸಿಲಿಕಾನ್ ಪಟ್ಟಿಯೊಳಗೆ ಸಣ್ಣ ಸಣ್ಣ ಎಲ್‌ಇಡಿ ಕೂರಿಸಿದವು, ಹೆಚ್ಚಾಗಿ 12 ವೋಲ್ಟಿನ ಅಡಾಪ್ಟರಿನಲ್ಲಿ ಉರಿಯುತ್ತವೆ. ಅದಕ್ಕೆ ಗ್ಯಾಸ್ ತುಂಬಿಸುತ್ತೇನೆ ಅಂತ ಯಾರಾದರೂ ದುಡ್ಡು ಕೇಳಿದರೆ ಚಹಾ ಕುಡಿಸಿ ಕಳಿಸಿ.

ಆಫ್ ಇದ್ದಾಗ ಟಾರ್ಚು ಬಿಟ್ಟು ನೋಡಿ. ನಿಜವಾದ ನಿಯಾನ್ ಆದರೆ ಗಾಜಿನ ಕೊಳವೆ ಕಾಣುತ್ತದೆ. ಅಕ್ಷರದಿಂದ ಅಕ್ಷರಕ್ಕೆ ಹೋಗುವ ಜಾಗದಲ್ಲಿ ಕಪ್ಪು ಪೇಂಟ್ ಬಳಿದಿರುತ್ತಾರೆ. ಎರಡು ತುದಿಯಲ್ಲಿ ಬೆರಳು ಗಾತ್ರದ ಲೋಹದ ಬಟ್ಟಲು ಇರುತ್ತದೆ, ಅದು ಎಲೆಕ್ಟ್ರೋಡ್, ಅಂದರೆ ಕರೆಂಟು ಗ್ಯಾಸಿನೊಳಗೆ ಇಳಿಯುವ ಬಾಗಿಲು. ಎಲ್‌ಇಡಿ ಪಟ್ಟಿ ರಬ್ಬರಿನ ಹಾಗೆ ಬಗ್ಗುತ್ತದೆ, ಹತ್ತಿರದಿಂದ ನೋಡಿದರೆ ಚುಕ್ಕಿ ಚುಕ್ಕಿ.

ಇನ್ನೂ ಅನುಮಾನ ಇದ್ದರೆ ಸಿಡಿ ತೆಗೆಯಿರಿ. ರಾತ್ರಿ ರಸ್ತೆಯ ಆಚೆ ಬದಿ ನಿಂತು, ಸಿಡಿಯ ಹೊಳೆಯುವ ಮುಖದಲ್ಲಿ ಬೋರ್ಡಿನ ಬೆಳಕು ಬೀಳುವ ಹಾಗೆ ಓರೆಯಾಗಿ ಹಿಡಿದು ನಿಧಾನಕ್ಕೆ ತಿರುಗಿಸಿ. ಬಿಳಿ ಎಲ್‌ಇಡಿ ಆದರೆ ಕಾಮನಬಿಲ್ಲಿನ ಬಣ್ಣಗಳು ಒಂದರೊಳಗೊಂದು ಬೆರೆತಂತೆ ಕಾಣುತ್ತವೆ. ಕೆಂಪು ಎಲ್‌ಇಡಿ ಆದರೆ ಬರೀ ಒಂದು ಕೆಂಪು ಪಟ್ಟೆ. ನಿಯಾನ್ ಹಾಗಲ್ಲ, ಕೆಂಪು, ಕಿತ್ತಳೆ, ಹಳದಿ ಭಾಗದಲ್ಲಿ ಬಿಡಿಬಿಡಿಯಾಗಿ ಹಲವು ಗೆರೆ, ನೀಲಿ ಕಡೆ ಹೆಚ್ಚುಕಮ್ಮಿ ಕತ್ತಲೆ. ಪ್ರತಿ ಅನಿಲಕ್ಕೂ ಇಂಥದ್ದೊಂದು ಬೆರಳಚ್ಚು ಇದೆ. ಹೀಲಿಯಂ ಅನ್ನು ಮನುಷ್ಯರು ಮೊದಲು ಗುರುತಿಸಿದ್ದು ಸೂರ್ಯನ ಬೆಳಕಿನ ಒಂದು ಹಳದಿ ಗೆರೆಯಿಂದ, 1868ರಲ್ಲಿ. ಭೂಮಿಯ ಮೇಲೆ ಕೈಗೆ ಸಿಕ್ಕಿದ್ದು 1895ರಲ್ಲಿ. ಆ ವರ್ಷದ ಸೂರ್ಯಗ್ರಹಣ ನೋಡೋಕೆ ಫ್ರಾನ್ಸಿನ ಖಗೋಳ ವಿಜ್ಞಾನಿ ಜಾನ್ಸೆನ್ ಬಂದು ಕೂತದ್ದು ನಮ್ಮ ಪಕ್ಕದ ರಾಜ್ಯದ ಗುಂಟೂರಿನಲ್ಲಿ!

2. ಯಾವ ಗ್ಯಾಸು, ಬಣ್ಣದಿಂದ ತಿಳಿಯಿರಿ

ಆಫ್ ಇದ್ದಾಗ ಗಾಜು ನೀರಿನಂತೆ ತಿಳಿಯಾಗಿದ್ದು, ಹೊತ್ತಿದಾಗ ಕೆಂಪು-ಕಿತ್ತಳೆ ಆದರೆ ಒಳಗಿರುವುದು ನಿಯಾನ್. ಬಣ್ಣ ಗಾಜಿನದಲ್ಲ, ಗ್ಯಾಸಿನದು. ಕರೆಂಟು ಹರಿಯುವಾಗ ಎಲೆಕ್ಟ್ರಾನುಗಳು ಅಣುಗಳಿಗೆ ಬಡಿಯುತ್ತವೆ. ಏಟು ತಿಂದ ಅಣು ಮತ್ತೆ ಸುಮ್ಮನಾಗುವಾಗ ತನ್ನದೇ ಆದ ಬಣ್ಣ ಬಿಡುತ್ತದೆ. ನಿಯಾನಿಗೆ ನೀಲಿ ಬಿಡು ಅಂದರೆ ಬಿಡುವುದಿಲ್ಲ.

ಹಾಗಾದರೆ ನೀಲಿ ಬೋರ್ಡು? ಅದರಲ್ಲಿ ಆರ್ಗಾನ್ ಇದೆ, ಜೊತೆಗೆ ಒಂದು ಹನಿ ಪಾದರಸ. ಬರೀ ಆರ್ಗಾನ್ ಮಂಕು ನೇರಳೆ, ಅಂಗಡಿ ಬೋರ್ಡಿಗೆ ಸಾಲದು. ಪಾದರಸದ ಆವಿ ಸೇರಿದರೆ ಗಟ್ಟಿ ನೀಲಿ. ಇನ್ನು ಹಸಿರು, ಬಿಳಿ, ಗುಲಾಬಿ ಬಣ್ಣಗಳ ಟ್ಯೂಬಿನಲ್ಲಿ ಸಾಮಾನ್ಯವಾಗಿ ಇರುವುದು ಇದೇ ಆರ್ಗಾನ್-ಪಾದರಸ. ಗಾಜಿನ ಒಳಮೈಗೆ ಫಾಸ್ಫರ್ ಪುಡಿ ಹಚ್ಚಿರುತ್ತಾರೆ. ಪಾದರಸ ಬಿಡುವ ಕಣ್ಣಿಗೆ ಕಾಣದ ಕಿರಣವನ್ನು ಆ ಪುಡಿ ಕಾಣುವ ಬೆಳಕಾಗಿ ಬದಲಿಸುತ್ತದೆ. ಆಫ್ ಇದ್ದಾಗ ಟ್ಯೂಬು ಸುಣ್ಣ ಬಳಿದ ಹಾಗೆ ಬೆಳ್ಳಗಿದ್ದರೆ ಇದೇ ಜಾತಿ ಅಂದುಕೊಳ್ಳಿ. ಇದು ಯಾಕೆ ಗೊತ್ತಿರಬೇಕು ಅಂದರೆ, ತಿಳಿಗಾಜಿನ ಕೆಂಪು ಟ್ಯೂಬು ಒಡೆದರೆ ಗಾಜಿನದಷ್ಟೇ ಭಯ, ಇದು ಒಡೆದರೆ ಪಾದರಸದ ಭಯವೂ ಇದೆ.

ಚಳಿ ದೇಶಗಳಲ್ಲಿ ಪಾದರಸ ಆವಿಯಾಗದೆ ನೀಲಿ ಬೋರ್ಡು ಮಂಕಾಗುತ್ತದೆ. ಬಳ್ಳಾರಿಯಲ್ಲಿ ಆ ಚಿಂತೆ ಯಾರಿಗೂ ಬೇಡ.

3. ಗ್ಯಾಸು ಒಳಗೆ ಹೋದದ್ದು ಹೇಗೆ ಅಂತ ತಿಳಿದುಕೊಳ್ಳಿ

ಇದು ಗೊತ್ತಿದ್ದರೆ ಯಾರೂ ನಿಮ್ಮನ್ನು ಯಾಮಾರಿಸೋಕೆ ಆಗಲ್ಲ. ಸ್ವಲ್ಪ ಉದ್ದ ಇದೆ, ತಾಳ್ಮೆ ಇರಲಿ.

ನಿಯಾನ್ ಗಾಳಿಯಲ್ಲೇ ಇದೆ, 10 ಲಕ್ಷ ಭಾಗಕ್ಕೆ ಸುಮಾರು 18 ಭಾಗ. ಲಂಡನ್ನಿನಲ್ಲಿ ರಾಮ್ಸೆ ಮತ್ತು ಟ್ರ್ಯಾವರ್ಸ್ 1898ರಲ್ಲಿ ಅದನ್ನು ಕಂಡುಹಿಡಿದರು. ಗಾಳಿಯನ್ನು ಅತಿಯಾಗಿ ತಣಿಸಿ ದ್ರವ ಮಾಡಿದರೆ ಒಂದೊಂದು ಅನಿಲ ಒಂದೊಂದು ಉಷ್ಣತೆಯಲ್ಲಿ ಬೇರೆಯಾಗುತ್ತದೆ. ಆಮ್ಲಜನಕ ಮೈನಸ್ 183 ಡಿಗ್ರಿ, ಸಾರಜನಕ ಮೈನಸ್ 196, ನಿಯಾನ್ ಮೈನಸ್ 246. ನಮ್ಮ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಆಮ್ಲಜನಕ ಸಿಗುವುದು ಇದೇ ವಿದ್ಯೆಯಿಂದ. 2021ರ ಕೋವಿಡ್ ಅಲೆಯಲ್ಲಿ ಅಲ್ಲಿಂದ ಟ್ಯಾಂಕರುಗಳು ಹೊರಟದ್ದು ನೆನಪಿದೆಯಲ್ಲ. ಪ್ಯಾರಿಸ್ಸಿನ ಜಾರ್ಜ್ ಕ್ಲಾಡ್ ಗಾಳಿ ದ್ರವ ಮಾಡುವ ವ್ಯಾಪಾರದಲ್ಲೇ ಇದ್ದವನು, ಉಳಿಕೆಯಾಗಿ ಸಿಗುತ್ತಿದ್ದ ನಿಯಾನನ್ನು ಏನು ಮಾಡೋದು ಅಂತ ಯೋಚಿಸಿ, 1910ರ ಡಿಸೆಂಬರಿನಲ್ಲಿ ಅಲ್ಲಿನ ಮೋಟಾರು ಪ್ರದರ್ಶನದಲ್ಲಿ 12 ಮೀಟರ್ ಉದ್ದದ ಎರಡು ಕೆಂಪು ಟ್ಯೂಬು ಹೊತ್ತಿಸಿದ. ಅವನಿಗಿಂತ ಮೊದಲು ಸಾರಜನಕ, ಇಂಗಾಲದ ಡೈಆಕ್ಸೈಡ್ ತುಂಬಿದ ಟ್ಯೂಬುಗಳಿದ್ದವು. ಅವುಗಳ ಗ್ಯಾಸು ನಿಜವಾಗಿಯೂ ಖಾಲಿಯಾಗುತ್ತಿತ್ತು, ಆಗಾಗ ತುಂಬುತ್ತಲೇ ಇರಬೇಕಿತ್ತು. ನಿಯಾನ್, ಆರ್ಗಾನ್ ಯಾವುದರ ಜೊತೆಗೂ ಬೆರೆಯದ ಒಂಟಿ ಜೀವಗಳು. ಲೋಹವನ್ನು ತಿನ್ನುವುದಿಲ್ಲ, ಉರಿದು ಮುಗಿಯುವುದೂ ಇಲ್ಲ.

ಈಗ ವರ್ಕ್‌ಶಾಪಿಗೆ ಬನ್ನಿ. ಗಾಜಿನ ಕೊಳವೆಯನ್ನು ಬರ್ನರಿನ ಮೇಲೆ ಕಾಯಿಸಿ ಬಗ್ಗಿಸುತ್ತಾರೆ. ಬಗ್ಗಿಸುವಾಗ ಕೊಳವೆ ಚಪ್ಪಟೆಯಾಗಬಾರದು ಅಂತ ಸಣ್ಣ ರಬ್ಬರ್ ಪೈಪು ಬಾಯಲ್ಲಿಟ್ಟು ಹದವಾಗಿ ಊದುತ್ತಾರೆ. ಆಮೇಲೆ ಎರಡೂ ತುದಿಗೆ ಎಲೆಕ್ಟ್ರೋಡ್ ಬೆಸೆದು, ಪಂಪಿನಿಂದ ಗಾಳಿ ಎಳೆಯುತ್ತಾ ಒಳಗೆ ಜೋರು ಕರೆಂಟು ಬಿಡುತ್ತಾರೆ. ಇದಕ್ಕೆ ಬೊಂಬಾರ್ಡಿಂಗ್ ಅನ್ನುತ್ತಾರೆ. ಗಾಜು 200 ಡಿಗ್ರಿ ದಾಟಿ ಕಾಯುತ್ತದೆ, ಎಲೆಕ್ಟ್ರೋಡ್ ಕೆಂಪಗಾಗುತ್ತದೆ, ಒಳಗೆ ಅಂಟಿದ ತೇವ, ಕೊಳೆ ಎಲ್ಲ ಆವಿಯಾಗಿ ಹೊರಗೆ. ಹಳಬರು ಕಾವು ಅಳೆಯೋಕೆ ಟ್ಯೂಬಿನ ಮೇಲೆ ಕಾಗದದ ಚೂರು ಇಡುತ್ತಾರೆ, ಅದು ಕಂದು ತಿರುಗಿದರೆ ಸಾಕು ಅಂತ. ಇಷ್ಟಾದ ಮೇಲೇ ಗ್ಯಾಸು ಬಿಟ್ಟು, ಗಾಜು ಕರಗಿಸಿ ಬಾಯಿ ಮುಚ್ಚುವುದು.

ಎಷ್ಟು ಗ್ಯಾಸು ಗೊತ್ತಾ? ಹೊರಗಿನ ಗಾಳಿಯ ಒತ್ತಡ 760 ಮಿಲಿಮೀಟರ್ ಪಾದರಸ ಅಂತ ಶಾಲೆಯಲ್ಲಿ ಓದಿದ್ದೀರಿ. ಟ್ಯೂಬಿನೊಳಗೆ ಬರೀ 10ರ ಆಸುಪಾಸು. ಒಳಗಲ 10 ಮಿಲಿಮೀಟರ್ ಇರುವ 5 ಮೀಟರ್ ಕೊಳವೆಯ ಲೆಕ್ಕ ಹಾಕಿ ನೋಡಿ. ಹೊರಗಿನ ಒತ್ತಡದಲ್ಲಿ ಆ ನಿಯಾನ್ ಒಂದು ಟೀ ಚಮಚದಷ್ಟು ಜಾಗ ಹಿಡಿಯುತ್ತದೆ, ಅಷ್ಟೇ. ಅಷ್ಟು ನಿಯಾನ್ ಇರುವ ಗಾಳಿ ಸುಮಾರು 280 ಲೀಟರ್, ಅಂದರೆ ನೀರಿನ ಡ್ರಮ್ಮು ಒಂದೂವರೆಗೂ ಕಡಿಮೆ.

ಹಾಗಾಗಿ ಗ್ಯಾಸ್ ತುಂಬಿಸುವುದು ಅಂದರೆ ಟ್ಯೂಬು ಇಳಿಸಿ, ವರ್ಕ್‌ಶಾಪಿಗೆ ಒಯ್ದು, ಗಾಜು ಕತ್ತರಿಸಿ, ಬೊಂಬಾರ್ಡಿಂಗ್‌ನಿಂದ ಹಿಡಿದು ಎಲ್ಲ ಮತ್ತೆ ಮಾಡುವುದು. ಏಣಿ ಮೇಲೆ ನಿಂತು ಹತ್ತು ನಿಮಿಷದಲ್ಲಿ "ತುಂಬಿಸಿದೆ ಸಾರ್" ಅಂದವನು ಏನು ಮಾಡಿದ? ಸಡಿಲ ಇದ್ದ ವೈರು ಬಿಗಿ ಮಾಡಿದ. ಅದಕ್ಕೆ ಕೂಲಿ ಕೊಡಿ, ಗ್ಯಾಸಿನ ದುಡ್ಡು ಕೊಡಬೇಡಿ.

4. ಮೇನ್ ಆಫ್ ಮಾಡಿ, ಕಣ್ಣಿನಿಂದ ಹುಡುಕಿ

ಸ್ವಿಚ್ಚು ಮಾತ್ರ ಅಲ್ಲ, ಎಂಸಿಬಿ ಕೆಳಗಿಳಿಸಿ, ಯಾರೂ ಮೇಲೆತ್ತದ ಹಾಗೆ ಒಬ್ಬರನ್ನು ಅಲ್ಲೇ ನಿಲ್ಲಿಸಿ. ಐದು ನಿಮಿಷ ಬಿಟ್ಟು ಹತ್ತಿರ ಹೋಗಿ.

ನಮ್ಮ ಕಡೆ ಮೊದಲ ಶತ್ರು ಧೂಳು. ಸಂಡೂರು, ತೋರಣಗಲ್ಲು ದಾರಿಯ ಅಂಗಡಿಗಳಲ್ಲಿ ಕೆಂಪು ಮಣ್ಣು ಟ್ಯೂಬು ಹಿಡಿದಿರುವ ಗಾಜಿನ ಸ್ಟ್ಯಾಂಡುಗಳ ಮೇಲೆ, ಎಲೆಕ್ಟ್ರೋಡಿನ ಟೋಪಿಯ ಮೇಲೆ ಪದರ ಕಟ್ಟಿರುತ್ತದೆ. ಬೇಸಿಗೆಯಿಡೀ ಏನೂ ಆಗಲ್ಲ. ಮೊದಲ ಮಳೆ ಬಿದ್ದ ರಾತ್ರಿ ಆ ಧೂಳು ತೇವ ಹಿಡಿದು ಕರೆಂಟಿಗೆ ದಾರಿ ಮಾಡಿಕೊಡುತ್ತದೆ. ಟ್ಯೂಬಿನೊಳಗೆ ಹೋಗಬೇಕಾದ್ದು ತಗಡಿಗೆ ಹಾರುತ್ತದೆ. ಜೂನ್ ಶುರುವಿನಲ್ಲಿ ನನಗೆ ಫೋನು ಜಾಸ್ತಿ ಬರುವುದು ಇದಕ್ಕೇ. ಮೇ ಕೊನೆಗೆ ಒಮ್ಮೆ ಒಣ ಬಟ್ಟೆಯಿಂದ ಒರೆಸಿಬಿಡಿ. ಒದ್ದೆ ಬಟ್ಟೆ ಬೇಡ, ಪೈಪಿನಲ್ಲಿ ನೀರಂತೂ ಹೊಡೆಯಲೇಬೇಡಿ.

ಹಾಗೇ ನೋಡಿ: ಕಪ್ಪಾಗಿ ಸುಟ್ಟ ಕಲೆ ಎಲ್ಲಾದರೂ ಇದೆಯಾ, ದಪ್ಪ ವೈರಿನ ಮೈ ಸೀಳಿದೆಯಾ, ಗಾಜಿನ ಬಾಗಿನಲ್ಲಿ ಕೂದಲೆಳೆಯ ಬಿರುಕು ಇದೆಯಾ, ಟ್ರಾನ್ಸ್‌ಫಾರ್ಮರ್ ನೇರ ಬಿಸಿಲಿಗೆ ಕೂತಿದೆಯಾ. 40 ಡಿಗ್ರಿ ದಾಟುವ ಊರಿನಲ್ಲಿ ಪಶ್ಚಿಮದ ಗೋಡೆಗೆ, ತಗಡಿನ ಡಬ್ಬಿಯಲ್ಲಿ, ಗಾಳಿಯಾಡದ ಹಾಗೆ ಅದನ್ನು ಕೂರಿಸಿದರೆ ಎಷ್ಟು ದಿನ ಬಾಳೀತು! ಕಂಡದ್ದರ ಫೋಟೋ ತೆಗೆಯಿರಿ. ನೀವೇ ಟೇಪು ಸುತ್ತಬೇಡಿ, ಮಾಮೂಲಿ ಇನ್ಸುಲೇಷನ್ ಟೇಪು ಈ ವೋಲ್ಟೇಜಿಗೆ ಲೆಕ್ಕಕ್ಕೇ ಇಲ್ಲ.

5. ಲಕ್ಷಣ ನೋಡಿ ಕಾರಣ ಹಿಡಿಯಿರಿ

ಈಗ ದೂರ ನಿಂತು ಆನ್ ಮಾಡಿಸಿ.

ಇಡೀ ಸಾಲು ಹೊತ್ತುತ್ತಿಲ್ಲ ಅಂದರೆ ಎಲ್ಲ ಟ್ಯೂಬೂ ಹೋಗಿವೆ ಅಂತಲ್ಲ. ಅಕ್ಷರಗಳನ್ನು ಒಂದರ ಬಾಲಕ್ಕೆ ಇನ್ನೊಂದು ಕಟ್ಟಿರುತ್ತಾರೆ, ಹಳೆಯ ಸೀರಿಯಲ್ ಸೆಟ್ಟಿನ ಹಾಗೆ. ಒಂದು ಬಿರುಕು ಬಿಟ್ಟರೆ ಎಲ್ಲ ಕತ್ತಲು. ಎಲೆಕ್ಟ್ರಿಶಿಯನ್ ಒಂದೊಂದನ್ನೇ ಬಿಟ್ಟು ಪರೀಕ್ಷೆ ಮಾಡಿ ಕೆಟ್ಟದ್ದನ್ನು ಹಿಡಿಯುತ್ತಾನೆ. ಅಷ್ಟಕ್ಕೇ ಹೊಸ ಬೋರ್ಡಿಗೆ ಒಪ್ಪಬೇಡಿ.

ಕೆಂಪು ಟ್ಯೂಬು ನಡುಗುತ್ತಿದ್ದರೆ, ಅರ್ಧ ಮಾತ್ರ ಹೊತ್ತಿದರೆ, ಟ್ರಾನ್ಸ್‌ಫಾರ್ಮರಿಗೆ ಭಾರ ಜಾಸ್ತಿಯಾಗಿದೆ ಅಥವಾ ಕರೆಂಟು ಎಲ್ಲೋ ಸೋರುತ್ತಿದೆ. ಟ್ಯೂಬು ಉದ್ದ ಆದಷ್ಟೂ, ಅದರ ಒಳಗಲ ಕಿರಿದಾದಷ್ಟೂ ವೋಲ್ಟ್ ಹೆಚ್ಚು ಬೇಕು. ಅಷ್ಟೇ ಉದ್ದದ ನೀಲಿಗಿಂತ ನಿಯಾನಿಗೆ ಇನ್ನೂ ಹೆಚ್ಚು. ನೀಲಿ ತೆಗೆದು ಕೆಂಪು ಹಾಕಿಸಿದ ಮೇಲೆ ನಡುಕ ಶುರುವಾಗಿದ್ದರೆ ಇದೇ ಕತೆ.

ಕೆಂಪಿನೊಳಗೆ ಮುತ್ತಿನ ಸರದ ಹಾಗೆ ಗುಳ್ಳೆ ಗುಳ್ಳೆ ಓಡಾಡುತ್ತಿದ್ದರೆ ಹೆದರಬೇಡಿ, ಎಲೆಕ್ಟ್ರಾನಿಕ್ ಟ್ರಾನ್ಸ್‌ಫಾರ್ಮರಿನ ಆಟ ಅದು. ಕೆಲವರಿಗೆ ಚೆಂದವೂ ಕಾಣುತ್ತದೆ.

ನೀಲಿ ಟ್ಯೂಬಿನ ಒಂದು ಕಡೆ ಮಂಕು ನೇರಳೆಗೆ ತಿರುಗಿದರೆ ಪಾದರಸ ಇನ್ನೊಂದು ತುದಿಗೆ ಸರಿದಿದೆ, ಅಲ್ಲಿ ಉಳಿದಿರುವುದು ಬರೀ ಆರ್ಗಾನ್. ಟ್ಯೂಬು ಇಳಿಸಿ ಪಾದರಸದ ಹನಿಯನ್ನು ಮತ್ತೆ ಉದ್ದಕ್ಕೂ ಉರುಳಿಸಿದರೆ ಎಷ್ಟೋ ಸಲ ಸರಿಹೋಗುತ್ತದೆ, ಆದರೆ ಮತ್ತೆ ಮತ್ತೆ ಹೀಗಾದರೆ ಟ್ರಾನ್ಸ್‌ಫಾರ್ಮರ್ ನೋಡಿಸಿ.

ನಿಯಾನಿನ ಕೆಂಪು ಬಣ್ಣವೇ ಕೆಟ್ಟು ಗುಲಾಬಿ-ನೇರಳೆ ಆಗಿದ್ದರೆ ಹೊರಗಿನ ಗಾಳಿ ಒಳಗೆ ನುಗ್ಗಿದೆ. ಗ್ಯಾಸಿನ ದೂರು ನಿಜವಾಗುವುದು ಇಲ್ಲಿ ಮಾತ್ರ. ಅದೂ ಖಾಲಿಯಾದದ್ದಲ್ಲ, ಕಲಬೆರಕೆಯಾದದ್ದು. ಬಿರುಕು ಮುಚ್ಚದೆ ಗ್ಯಾಸು ತುಂಬಿದರೆ ತೂತು ಕೊಡದಲ್ಲಿ ನೀರು ತುಂಬಿದ ಹಾಗೆ.

ಕೊನೆಯದು ಎಲ್ಲಕ್ಕಿಂತ ಗಂಭೀರ. ಚರ್ ಚರ್ ಸದ್ದು, ಮೂಗಿಗೆ ಹೊಡೆಯುವ ಖಾರ ವಾಸನೆ ಬಂದರೆ ಹೈ ವೋಲ್ಟೇಜು ಗಾಳಿಗೆ ಸೋರುತ್ತಿದೆ. ಆ ವಾಸನೆ ಓಝೋನಿನದು. ತಕ್ಷಣ ಆಫ್, ರಿಪೇರಿ ಆಗುವವರೆಗೂ ಆನ್ ಬೇಡ. "ಹಬ್ಬದ ಸೀಸನ್, ಇವತ್ತೊಂದು ರಾತ್ರಿ" ಅನ್ನಬೇಡಿ.

6. ರಿಪೇರಿಯವನ ಹತ್ತಿರ ಕೇಳಬೇಕಾದ್ದು

ತಗಡಿನ ಚೌಕಟ್ಟಿಗೆ ಅರ್ಥಿಂಗ್ ಮಾಡಿದ್ದೀಯಾ ಅಂತ ಮೊದಲು ಕೇಳಿ. ಟ್ರಾನ್ಸ್‌ಫಾರ್ಮರಿಂದ ಟ್ಯೂಬಿಗೆ ಹೋಗುವ ವೈರು ಹೈ ವೋಲ್ಟೇಜಿನದ್ದೇ ಆಗಿರಬೇಕು, ಮನೆ ವೈರಿಂಗಿನದ್ದು ನಡೆಯಲ್ಲ. ಟ್ರಾನ್ಸ್‌ಫಾರ್ಮರ್ ಬದಲಿಸಿದರೆ ಹಳೆಯದರ ಮೇಲಿನ ವೋಲ್ಟ್ ಮತ್ತು ಮಿಲಿಆಂಪ್ ಅಂಕಿ ಹೊಸದರ ಜೊತೆ ತಾಳೆ ನೋಡಿ. ಮಿಲಿಆಂಪ್ ಅಂದರೆ ಆಂಪಿಯರಿನ ಸಾವಿರದ ಒಂದು ಭಾಗ, ಬೋರ್ಡುಗಳಿಗೆ 30 ಸಾಮಾನ್ಯ. ಒಮ್ಮೆ ಹೊತ್ತಿದ ಗ್ಯಾಸು ಕರೆಂಟನ್ನು ಎಷ್ಟು ಬಿಟ್ಟರೂ ನುಂಗುತ್ತದೆ, ಅದಕ್ಕೆ ಲಗಾಮು ಹಾಕುವುದೂ ಈ ಟ್ರಾನ್ಸ್‌ಫಾರ್ಮರೇ. ಮನೆಯ ಟ್ಯೂಬ್‌ಲೈಟಿನಲ್ಲಿ ಚೋಕ್ ಮಾಡುವ ಕೆಲಸ ಇದು.

ಇಂಥ ಬೋರ್ಡುಗಳಿಗೆ ವಿದ್ಯುತ್ ಸುರಕ್ಷತಾ ನಿಯಮಗಳಲ್ಲಿ ಬೇರೆಯೇ ಕಲಂ ಇದೆ. ಕರೆಂಟಿರುವ ಭಾಗ ಜನರ ಕೈಗೆ ಸಿಗಬಾರದು, ಪೂರ್ತಿ ಆಫ್ ಮಾಡುವ ಸ್ವಿಚ್ಚು ಇರಬೇಕು, ಅಪಾಯದ ಫಲಕ ಇರಬೇಕು. ಇವು ಇಲ್ಲದ ಬೋರ್ಡು ನಮ್ಮಲ್ಲಿ ಬೇಕಾದಷ್ಟಿವೆ. ನಿಮ್ಮದು ಅದರಲ್ಲೊಂದು ಆಗುವುದು ಬೇಡ.

7. ಹೊಸ ಟ್ಯೂಬು ಮಾಡಿಸುವುದೇ ಆದರೆ, ಅಕ್ಷರದ ಮೇಲೆ ಕಣ್ಣಿಡಿ

ರಾಜ್ಯದ ಕನ್ನಡ ಭಾಷಾ ಕಾಯ್ದೆಗೆ 2024ರಲ್ಲಿ ಆದ ತಿದ್ದುಪಡಿಯ ನಂತರ ಬೋರ್ಡಿನಲ್ಲಿ ನೂರಕ್ಕೆ 60 ಭಾಗ ಕನ್ನಡ ಇರಬೇಕು, ಅದೂ ಮೇಲರ್ಧದಲ್ಲಿ. ಸಂತೋಷ. ಆದರೆ ಗಾಜು ಬಗ್ಗಿಸುವವನಿಗೆ ಇಂಗ್ಲಿಷಿನ ನೇರ ಗೆರೆ ಸುಲಭ, ನಮ್ಮ ಅಕ್ಷರಗಳ ದುಂಡು ಮೈ, ತಲೆಕಟ್ಟು, ಒತ್ತು ಕಷ್ಟ. ಕೊಳವೆ ಒಂದೇ ಎಳೆಯಲ್ಲಿ ಹೋಗಬೇಕು. ‘ಬಳ್ಳಾರಿ’ ಬರೆಯುವಾಗ ಪೆನ್ನು ಎತ್ತಿ ಕೆಳಗೆ ಒತ್ತು ಹಾಕುತ್ತೀರಿ, ಗಾಜಿನಲ್ಲಿ ಪೆನ್ನು ಎತ್ತುವ ಹಾಗಿಲ್ಲ. ಕೊಳವೆಯನ್ನು ಹಿಂದಕ್ಕೆ ಮಡಚಿ, ಕೆಳಗಿಳಿಸಿ, ಒತ್ತು ಬಗ್ಗಿಸಿ, ನಡುವಿನ ದಾರಿಗೆ ಕಪ್ಪು ಬಳಿಯಬೇಕು. ‘ಲಕ್ಷ್ಮೀ’ ಅನ್ನುವ ಹೆಸರಿನ ಅಂಗಡಿಗಳು ನಮ್ಮಲ್ಲಿ ಬೀದಿಗೊಂದು, ಆ ಕ್ಷ್ಮೀ ಬಗ್ಗಿಸುವವನ ಪಾಡು ದೇವರಿಗೇ ಪ್ರೀತಿ. ಬಾಗು ಹೆಚ್ಚಿದಷ್ಟೂ ಕೂಲಿ ಹೆಚ್ಚು, ಒಡೆಯುವ ಜಾಗವೂ ಹೆಚ್ಚು. ಹಾಗಾಗಿ ಅಕ್ಷರ ದೊಡ್ಡದಾಗಿ ಇರಲಿ, ಅಲಂಕಾರ ಕಮ್ಮಿ ಇರಲಿ.

ಇನ್ನೊಂದು ಎಡವಟ್ಟು. ಗಾಜು ಬಗ್ಗಿಸುವುದು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಬರೆದ ನಕ್ಷೆಯ ಮೇಲೆ, ಯಾಕೆಂದರೆ ಬೋರ್ಡಿನ ಮುಂಭಾಗ ಮೇಜಿನ ಕಡೆಗಿರುತ್ತದೆ. ಬಗ್ಗಿಸುವವನಿಗೆ ಕನ್ನಡ ಬರದಿದ್ದರೆ ದೀರ್ಘ, ಒತ್ತು ಮಾಯ. ನಾನೇ ಒಮ್ಮೆ ಹೊರಗಿನ ಊರಿಗೆ ಕೊಟ್ಟು ಮಾಡಿಸಿದ ‘ಜೀನ್ಸ್’ ಬೋರ್ಡು ‘ಜಿನ್ಸ್’ ಆಗಿ ಬಂದಿತ್ತು. ಗಾಜಿನಲ್ಲಿ ರಬ್ಬರಿನಿಂದ ಅಳಿಸೋಕೆ ಆಗುತ್ತಾ? ನಕ್ಷೆಯನ್ನು ಕನ್ನಡಿ ಮುಂದೆ ಹಿಡಿದು ನೀವೇ ಓದಿ, ಆಮೇಲೆ ಒಪ್ಪಿಗೆ ಕೊಡಿ.

8. ಮನೆಯ ದೀಪಗಳಿಗೂ ಇದೇ ಲೆಕ್ಕ

ಬೇಗ ಮುಗಿಸುತ್ತೇನೆ. ಟ್ಯೂಬ್‌ಲೈಟ್ ಮಿಣುಕಿದರೆ ಮೊದಲು ಸ್ಟಾರ್ಟರ್ ಬದಲಿಸಿ. ತುದಿ ಕಪ್ಪಾಗಿದ್ದರೆ ತಂತಿಯ ಮೇಲಿನ ಲೇಪ ಸವೆದಿದೆ, ಗ್ಯಾಸು ಅಲ್ಲ. ಹಳದಿ ಸೋಡಿಯಂ ಬೀದಿದೀಪ ತಾನೇ ಆರಿ ತಾನೇ ಹೊತ್ತುತ್ತಿದ್ದರೆ ಬಲ್ಬಿಗೆ ವಯಸ್ಸಾಗಿದೆ. ಟೆಸ್ಟರಿನೊಳಗೆ ಮಿನುಗುವ ಕಿತ್ತಳೆ ಚುಕ್ಕಿ ಇದೆಯಲ್ಲ, ಅದೂ ನಿಯಾನ್. ಸ್ವಿಚ್‌ಬೋರ್ಡಿನ ಹಳೆಯ ಇಂಡಿಕೇಟರಿನಲ್ಲೂ ಹೆಚ್ಚಾಗಿ ಅದೇ.

9. ಒಡೆದರೆ

ತಿಳಿಗಾಜಿನ ನಿಯಾನ್ ಆದರೆ ಗಾಜು ಚುಚ್ಚದ ಹಾಗೆ ಎತ್ತಿ, ಅಷ್ಟೇ. ಬಿಳಿ ಲೇಪದ ಟ್ಯೂಬು, ನೀಲಿ ಟ್ಯೂಬು, ಟ್ಯೂಬ್‌ಲೈಟ್, ಸಿಎಫ್‌ಎಲ್ ಆದರೆ ಮೊದಲು ಮಕ್ಕಳನ್ನು ಹೊರಗೆ ಕಳಿಸಿ. ಫ್ಯಾನು, ಕೂಲರು ನಿಲ್ಲಿಸಿ. ಕಿಟಕಿ ತೆರೆದು ಕಾಲು ಗಂಟೆ ನೀವೂ ಹೊರಗಿರಿ. ಪೊರಕೆ ಹಿಡಿಯಬೇಡಿ, ಪಾದರಸದ ಹನಿ ಇನ್ನಷ್ಟು ಚೂರಾಗಿ ಹರಡುತ್ತದೆ. ವ್ಯಾಕ್ಯೂಮ್ ಕ್ಲೀನರ್ ಅಂತೂ ಬೇಡವೇ ಬೇಡ. ಗಟ್ಟಿ ರಟ್ಟಿನಿಂದ ಚೂರುಗಳನ್ನು ಬಾಚಿ, ಪುಡಿಯನ್ನು ಅಂಟು ಟೇಪಿನಿಂದ ಒತ್ತಿ ತೆಗೆದು, ಕೊನೆಗೆ ಒದ್ದೆ ಕಾಗದದಿಂದ ಒರೆಸಿ. ಎಲ್ಲವನ್ನೂ ಮುಚ್ಚಳ ಇರುವ ಡಬ್ಬಿಗೆ ಹಾಕಿ ಮೇಲೆ ‘ಪಾದರಸ’ ಅಂತ ಬರೆಯಿರಿ, ಚಿಂದಿ ಆಯುವವರು ಕೈ ಹಾಕದ ಹಾಗೆ. ಕಸದ ಗಾಡಿಗೆ ಕೊಡಬೇಡಿ. ಪಾದರಸದ ದೀಪಗಳು ಇ-ತ್ಯಾಜ್ಯ ನಿಯಮದ ಪಟ್ಟಿಯಲ್ಲಿವೆ, ಅದನ್ನು ತೆಗೆದುಕೊಳ್ಳುವವರಿಗೇ ಕೊಡಿ. ಅಲ್ಲಿಯವರೆಗೆ ಡಬ್ಬಿ ಮನೆಯೊಳಗೆ ಬೇಡ, ನೆರಳಿನಲ್ಲಿ ಹೊರಗಿರಲಿ.